ಚೀಟಿಯ ಮೇಲಿನ ಊರು

ಮೌಲಾಸಾಬ ಮಾಸ್ತರರು ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಮಾತಾಡಿಸುತ್ತಿದ್ದರು. ಚಪ್ಪಲಿ ಬಿಟ್ಟವರೇ ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿ, ರೆಕ್ಕೆ ಹರವಿಕೊಂಡು ಕೂತ ಪತಂಗ ಹುಡುಕುವರು. ಮನೆ ಸ್ವಚ್ಛವಿಲ್ಲವೆಂದು ಎತ್ತಿ ತೋರಿಸುತ್ತಾರೆಂದು ನನ್ನ ಹೆಂಡತಿಗೆ ಬಹಳ ದಿನ ಸಿಟ್ಟಿತ್ತು.

ವಾಡಿಯ ಶಾಲೆಯಲ್ಲಿ ಅವರದು ವಿಜ್ಞಾನ, ನನ್ನದು ಕನ್ನಡ. ಪತಂಗಗಳನ್ನು ಜೋಳದ ದಂಟಿನ ಬೆಂಡಿಗೆ ಗುಂಡುಸೂಜಿಯಿಂದ ಚುಚ್ಚಿ, ಸಿಕ್ಕ ಊರಿನ ಹೆಸರಿನ ಚೀಟಿ ಹಚ್ಚಿ, ಖಾಲಿ ಸೀಮೆಸುಣ್ಣದ ಡಬ್ಬಿಯಲ್ಲಿ ಇಡುತ್ತಿದ್ದರು. "ಬಣ್ಣ ನೋಡಿ ಕುಲ ಹೇಳಬಾರ್ದುರಿ ಸರ್, ರೆಕ್ಕಿ ನರ ಎಣಸಬೇಕು," ಎನ್ನುವುದು ಅವರ ಪಾಠ.

ಒಮ್ಮೆ ರಾವೂರಿನ ಕಲ್ಲುಗಣಿಯ ದಂಡೆಯಲ್ಲಿ ಬೂದಿ ಬಣ್ಣದ್ದೊಂದು ಸಿಕ್ಕಿತು. ಅದರ ನರಗಳು ಅವರ ಪುಸ್ತಕದ ಯಾವ ಕುಲಕ್ಕೂ ಹೊಂದಲಿಲ್ಲ. ದೂರದ ಸಂಸ್ಥೆಯೊಂದಕ್ಕೆ ಅಂಚೆಯಲ್ಲಿ ಕಳಿಸಿದರು. ಹೊಸ ಜಾತಿ ಇರಬಹುದು, ಆದರೆ ಒಂದೇ ಸಾಲದು, ನಾವೇ ಬಂದು ಹುಡುಕುತ್ತೇವೆ ಎಂದು ಉತ್ತರ ಬಂತು. ಮಾಸ್ತರರು ಸಿಕ್ಕವರಿಗೆಲ್ಲ ಓದಿ ತೋರಿಸಿ ಆ ಪತ್ರ ಮಡಿಕೆಯಲ್ಲೇ ಹರಿಯಿತು.

ಎರಡನೆಯ ಪತ್ರ ವರ್ಷ ಕಳೆದು ಬಂತು. ಸಂಸ್ಥೆಯವರು ಇವರಿಗೆ ತಿಳಿಸದೆಯೇ ಬಂದು ಶಹಾಬಾದಿನ ಗಣಿಗಳನ್ನೆಲ್ಲ ಹುಡುಕಿ ಹೋಗಿದ್ದರಂತೆ, ಒಂದೂ ಸಿಗಲಿಲ್ಲವಂತೆ. ನೆಲೆ ಸಂಶಯಾಸ್ಪದ ಎಂದು ಬರೆದು ವಿಷಯ ಮುಗಿಸಿದ್ದರು. ಓದಿದ ಕೂಡಲೇ ಮಾಸ್ತರರಿಗೆ ತಮ್ಮ ತಪ್ಪು ಹೊಳೆಯಿತು. ನಮ್ಮ ಕಡೆ ಯಾವ ಊರಿನ ಗಣಿಯಲ್ಲಿ ತೆಗೆದರೂ ಆ ಹಾಸುಗಲ್ಲಿಗೆ ಶಹಾಬಾದಿ ಎಂದೇ ಹೆಸರು. ಆ ರೂಢಿಯ ಮೇಲೆ ಪತಂಗದ ಚೀಟಿಗೂ ಅವರು ಶಹಾಬಾದ ಎಂದು ಬರೆದಿದ್ದರು. ನರ ಎಣಿಸುವಾಗ ಇದ್ದ ಎಚ್ಚರ ಊರು ಬರೆಯುವಾಗ ತಪ್ಪಿತ್ತು.

ಆ ಭಾನುವಾರವೇ ಇಬ್ಬರೂ ರಾವೂರಿಗೆ ಹೋದೆವು. ದಂಡೆಯನ್ನೂ ಅದರ ಮೇಲಿದ್ದ ಮುಳ್ಳುಕಂಟಿಯನ್ನೂ ಕಡಿದು, ಗಣಿ ಅಷ್ಟೂ ಜಾಗವನ್ನು ನುಂಗಿತ್ತು. ಆಮೇಲೆ ರಜೆ ಬಂದರೆ ಸಾಕು, ಸೇಡಂ, ದಂಡೋತಿ, ಚಿಂಚೋಳಿಯ ಗುಡ್ಡ ಎಂದು ಅವರು ಅಲೆದರು. ಸಿಗಲಿಲ್ಲ. ಚೀಟಿಯ ಊರು ತಿದ್ದಿಕೊಳ್ಳಿ ಎಂದು ಬರೆದ ಪತ್ರಗಳಿಗೆ ಉತ್ತರವೂ ಬರಲಿಲ್ಲ.

ನಿವೃತ್ತರಾದ ಮೇಲೆ ಅವರ ಕಣ್ಣು ಮಂಜಾದವು. ಕಡೆಯ ಸಲ ನೋಡಲು ಹೋದಾಗಲೂ ತಮ್ಮ ಮನೆಯ ಗೋಡೆಗೆ ಮೂಗು ಹಚ್ಚಿ ನಿಂತಿದ್ದರು.

"ಇದ್ದದ್ದು ಇಲ್ಲಂತ ನಾನೇ ಬರಸಿಬಿಟ್ಟೆ ನೋಡ್ರಿ ಸರ್," ಎಂದರು.

ನಾನು ಅವರ ಕೈ ಹಿಡಿದು ತಂದು ಕೂರಿಸಿದೆ. ಆ ಮಾತು ನೆನೆದರೆ ಈಗಲೂ ಸಂಕಟವಾಗುತ್ತದೆ.

ಅವರ ಗೋರಿಗೆ ಹಾಸುಗಲ್ಲು ಹಾಕುವ ದಿನ ನಾನಿದ್ದೆ. ಕಲ್ಲು ಯಾವ ಊರಿನ ಗಣಿಯದು ಎಂದು ಗೌಂಡಿಯನ್ನು ಕೇಳಿದೆ.

"ಶಹಾಬಾದಿ ಅದರಿ," ಎಂದು ಅವನು ಗಾರೆ ಮೆತ್ತತೊಡಗಿದ.