ಇಂಜಿನ್ ಬಸವನ ಸೋಮವಾರ

ನಮ್ಮ ಮಾವನವರ ಬಲಗೈಯಲ್ಲಿ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಒಂದು ಕೂದಲಿರಲಿಲ್ಲ. ಎಡಗೈ ನೋಡಿದರೆ ಕರಡಿಯ ಕೈ. ಬಲಗೈ ಮಾತ್ರ ಎಳೆ ಬದನೆಕಾಯಿಯ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮದುವೆಯಾಗಿ ಮಲಪನಗುಡಿಯಿಂದ ಎಮ್ಮಿಗನೂರಿಗೆ ಬಂದ ಹೊಸದರಲ್ಲಿ, ಊಟಕ್ಕೆ ಬಡಿಸುವಾಗ ಆ ಎರಡು ಕೈಗಳನ್ನು ಕದ್ದು ಕದ್ದು ನೋಡಿ ಹೆದರಿದ್ದೆ. ಒಬ್ಬ ಮನುಷ್ಯನಿಗೆ ಇಬ್ಬರ ಕೈ ಹೇಗೆ ಬಂದವೋ ಎಂದು! ಅವರಿಗೆ ಗೊತ್ತಾಯಿತು.

"ಏನ್ ನೋಡ್ತಿ ಬಾವಿ ಊರಾಕಿ? ಇದು ಬೆಲ್ಲದ ಕೈ. ಅದು ಬರೇ ಕೈ," ಎಂದು ನಕ್ಕರು.

ನಮ್ಮೂರಲ್ಲಿ ದೊಡ್ಡ ಹಳೆಯ ಮೆಟ್ಟಿಲ ಬಾವಿ ಇದೆಯಲ್ಲ, ಅದಕ್ಕೆ ನಾನು ಕೊನೆಯವರೆಗೂ ಅವರಿಗೆ ಬಾವಿ ಊರಾಕಿಯೇ. ಕೂದಲು ಹೋದದ್ದು ಕುದಿಯುವ ಕೊಪ್ಪರಿಗೆಯ ಹಬೆಗೆ. ಬೇರೆಯವರು ಪಾಕದ ಹದವನ್ನು ಸೌಟಿನಲ್ಲಿ ಎತ್ತಿ ನೋಡುತ್ತಿದ್ದರು. ಮಾವನವರಿಗೆ ಸೌಟು ಎಂದರೆ ಅವಮಾನ. ಬೆರಳನ್ನು ತಣ್ಣೀರಿಗೆ ಅದ್ದಿ, ಕುದಿಯುವ ಪಾಕಕ್ಕೆ ಅದ್ದಿ, ಮತ್ತೆ ತಣ್ಣೀರಿಗೆ ಅದ್ದಿ, ಉಂಡೆ ಹೊರಳಿಸಿ, "ಇಳಸ್ರಿ" ಎನ್ನುವರು. ತಾವು ಮಾತ್ರ ಬೆಲ್ಲ ಬಾಯಿಗೆ ಹಾಕಿದವರಲ್ಲ. ನುಚ್ಚಿಗೆ ಉಪ್ಪು, ಮಜ್ಜಿಗೆಗೆ ಉಪ್ಪು. ಬೆಲ್ಲ ಮಾಡುವವನೇ ಸಿಹಿ ಮುಟ್ಟದಿದ್ದರೆ ಹೇಗೆ ಎಂದು ಅತ್ತೆಯವರು ಬೈದರೆ, "ನಾ ತಿಂದ್ರ ನಾಲಿಗಿ ಸುಳ್ಳು ಹೇಳಾಕ ಹತ್ತತೈತಿ," ಎನ್ನುವರು.

ಆಗ ನಮ್ಮ ಕಡೆಯ ಹಳ್ಳಿಗಳಿಗೆ ಒಂದು ರೋಗವಿತ್ತು. ಭತ್ತದ ಕೊಯ್ಲು ಮುಗಿದದ್ದೇ ತಡ, ಹೊಲವಿಲ್ಲದವರೆಲ್ಲ ಗಂಟು ಕಟ್ಟಿಕೊಂಡು ಸಂಡೂರಿನ ಗುಡ್ಡಗಳಿಗೆ ಅದಿರು ಒಡೆಯಲು ಹೋಗುವುದು. ಹೋಗುವಾಗ ಹತ್ತು ಜನ, ಬರುವಾಗ ಎಂಟು. ಬಂದವರು ಕರ್ರಗೆ ಉಗುಳುತ್ತಿದ್ದರು. ಮಾವನವರ ತಮ್ಮ ಮನೆಯಲ್ಲಿ ಏನೋ ಸಣ್ಣ ಜಗಳವಾಡಿಕೊಂಡು ಹಾಗೆ ಹೋದವರು, ಗುಡ್ಡ ಜರಿದು ಹೆಣವಾಗಿ ಗಾಡಿಯಲ್ಲಿ ಬಂದರು. ಮಾವನವರು ಗೋಣಿ ಬಿಚ್ಚಿ, ತಮ್ಮನ ಮೂಗಿನೊಳಗಿದ್ದ ಕರಿ ಮಣ್ಣನ್ನು ಬೆರಳಿನಿಂದ ತೆಗೆದರಂತೆ. ಅತ್ತೆಯವರು ಇದನ್ನು ನನಗೆ ಒಂದೇ ಸಲ ಹೇಳಿದರು, ಎರಡನೆಯ ಸಲ ಹೇಳಲಿಲ್ಲ.

ಅಂದಿನಿಂದ ಅವರಿಗೆ ಹಿಡಿದದ್ದು ಒಂದೇ ಹುಚ್ಚು. "ಹೊಲದಾಗ ಬೆಳದದ್ದು ಊರಾಗ ಹಣ್ಣಾಗ್ಬೇಕು," ಎನ್ನುತ್ತಿದ್ದರು. ಕಾಲುವೆ ಉಂಟು, ಕಬ್ಬು ಉಂಟು, ಕೂಲಿಗೆ ಮಾತ್ರ ಪರದೇಶವೇ? ಎತ್ತಿನ ಗಾಣ ಎಲ್ಲರ ಕೆಲಸವಾಗಿರಲಿಲ್ಲ. ಎತ್ತಿದ್ದವನು ತನ್ನ ಕಬ್ಬನ್ನು ನಿಧಾನವಾಗಿ ಅರೆದುಕೊಳ್ಳುವಷ್ಟರಲ್ಲಿ ಎತ್ತಿಲ್ಲದವನ ಕಬ್ಬು ನಿಂತಲ್ಲೇ ಒಣಗುತ್ತಿತ್ತು. ಇಂಜಿನ್ನಿನ ಗಾಣವಿದ್ದರೆ ಊರಿನ ಅಷ್ಟೂ ಕಬ್ಬು ಒಂದೇ ಅಂಗಳಕ್ಕೆ ಬರುತ್ತದೆ, ಯುಗಾದಿಯವರೆಗೆ ಗಂಡು ಹೆಣ್ಣಿಗೆಲ್ಲ ಕೆಲಸವಿರುತ್ತದೆ, ಸಂಡೂರಿಗೆ ಯಾರೂ ಹೋಗಬೇಕಾಗಿಲ್ಲ. ಇದು ಅವರ ಲೆಕ್ಕ. ಲೆಕ್ಕ ತಪ್ಪಾಗಿರಲಿಲ್ಲ, ಈಗಲೂ ಅದನ್ನೇ ಹೇಳುತ್ತೇನೆ.

ಒಂದು ದಿನ ಮನೆಯ ಎತ್ತುಗಳನ್ನು ಹೊಡೆದುಕೊಂಡು ಹೊಸಪೇಟೆ ಸಂತೆಗೆ ಹೋದವರು ಎತ್ತುಗಳಿಲ್ಲದೆ ಬಂದರು. ಬಳ್ಳಾರಿಯ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯೊಂದರ ಹಳೆಯ ಇಂಜಿನ್ನು ಹಿಂದಿನಿಂದ ಬಾಡಿಗೆ ಗಾಡಿಯಲ್ಲಿ ಬಂತು. ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಶಿವಪೂಜೆ ಬಿಡದ ಮನುಷ್ಯ ಮನೆಯ ಬಸವಣ್ಣರನ್ನು ಮಾರಿ ಕಬ್ಬಿಣ ತಂದ ಎಂದರೆ ಸುಮ್ಮನಿರುತ್ತಾರೆಯೇ? ಬೆಲ್ಲವನ್ನು ಅಚ್ಚಿಗೆ ಹಾಕುವ ಹೆಂಗಸರಿಗೆಲ್ಲ ಹಿರಿಯಳಾದ ಒಬ್ಬ ಮುದುಕಿ ಇದ್ದಳು, ಅಚ್ಚಿನ ಅಜ್ಜಿ ಎಂದೇ ಕರೆಯುತ್ತಿದ್ದೆವು. ಅವಳು ಬಾಗಿಲಲ್ಲೇ ನಿಂತು ಹೇಳಿದಳು: "ಗೌಡ್ರ, ಇಂಜಿನ್ ಬೆಲ್ಲ ಸೀಮಿ ಎಣ್ಣಿ ನಾರತೈತಿ. ದೇವರಿಗೆ ನಡಿಯಂಗಿಲ್ಲ. ನಾ ಅಂತೂ ಮುಟ್ಟಂಗಿಲ್ಲ."

ಮಾವನವರು ವಾದ ಮಾಡುವ ಜಾತಿಯಲ್ಲ. ನಡೆದು ಹಂಪಿಗೆ ಹೋಗಿ ವಿಭೂತಿ ತಂದರು, ಒಂದು ಗಂಟೆ ತಂದರು. ಅಯ್ಯನವರನ್ನು ಕರೆಸಿ, ಇಂಜಿನ್ನಿನ ಹಣೆಗೆ ಮೂರು ಪಟ್ಟಿ ಎಳೆಸಿ, ಗಂಟೆ ಕಟ್ಟಿ, ಹಾರ ಹಾಕಿ, ಊರನ್ನೆಲ್ಲ ಕೂಡಿಸಿ ನಿಂತರು.

"ಎತ್ತು ಮಾರೀನಿ ಅಂತೀರಲ್ಲ? ಮಾರಿಲ್ರಪಾ, ವೇಷ ಬದಲ್ ಮಾಡೀನಿ. ಇವನೂ ಬಸವನ. ಹುಲ್ಲು ತಿನ್ನಂಗಿಲ್ಲ, ಎಣ್ಣಿ ಕುಡಿತಾನ, ಅಷ್ಟ ಫರಕು. ಕೈಮುಗೀರಿ!"

ಜನ ನಕ್ಕರು. ನಗುತ್ತಲೇ ಕೈಮುಗಿದರು. ಮೊದಲು ಮುಂದೆ ಬಂದು ಅದರ ಕಬ್ಬಿಣದ ಮೈಗೆ ಕುಂಕುಮ ಹಚ್ಚಿದವಳು ಅಚ್ಚಿನ ಅಜ್ಜಿಯೇ.

ಆಮೇಲಿನ ಕೆಲವು ವರ್ಷ ನಾನು ಕಂಡ ಒಳ್ಳೆಯ ವರ್ಷಗಳು. ಸುಗ್ಗಿಯಲ್ಲಿ ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಕಬ್ಬಿನ ಸೋಗೆ ಸವರುವವರು, ಅರೆದ ಕಬ್ಬಿನ ಹಾಲು ಹೊರುವವರು, ಸಿಪ್ಪೆ ಒಣಹಾಕಿ ಒಲೆಗೆ ಒಟ್ಟುವವರು, ಅಚ್ಚು ತೊಳೆಯುವವರು. ನನ್ನ ಗಂಡ ಬಾಡಿಗೆ ಎತ್ತು ಕಟ್ಟಿ ಬೆಲ್ಲದ ಗಾಡಿಯನ್ನು ಕಂಪ್ಲಿಗೂ ಹೊಸಪೇಟೆಗೂ ಹೊಡೆಯುತ್ತಿದ್ದರು. ಮದರಾಸು ಸರಕಾರದ ಬೇಸಾಯ ಇಲಾಖೆಯವರೊಬ್ಬರು ಟೋಪಿ ಹಾಕಿಕೊಂಡು ಬಂದು, ಗಾಣವನ್ನು ಸುತ್ತಿ ನೋಡಿ, ಒಂದು ಪೆಂಟೆ ಬೆಲ್ಲ ಕಟ್ಟಿಸಿಕೊಂಡು, "ಗುಡ್" ಎಂದು ಹೇಳಿ ಹೋದರು. ಎಷ್ಟೋ ದಿನ ಮಾವನವರು ಹದ ಸರಿಬಂದಾಗಲೆಲ್ಲ "ಗುಡ್ಡು" ಎನ್ನುತ್ತಿದ್ದರು. ಸಂಡೂರಿನ ಗುತ್ತಿಗೆದಾರನ ಮೇಸ್ತ್ರಿ ಪ್ರತಿವರ್ಷದಂತೆ ಬಂದು ಚಾವಡಿಯಲ್ಲಿ ಕುಳಿತು, ಆಳು ಸಿಗದೆ ಎದ್ದು ಹೋಗುವನು. ಮಾವನವರು ಅವನಿಗೂ ಬೆಲ್ಲ ಕೊಟ್ಟು ಕಳಿಸುವರು. ಅದು ಅವರ ಸೇಡು.

ಆದರೆ ಮೊದಲ ವಾರವೇ ಒಂದು ಮೋಜಾಗಿತ್ತು. ಸೋಮವಾರ ಬೆಳಿಗ್ಗೆ ಮಾವನವರು ಇಂಜಿನ್ನಿಗೆ ಎಣ್ಣೆ ಹಾಕಿ ನಿಂತರೆ ಒಂದು ನರಪಿಳ್ಳೆಯೂ ಬರಲಿಲ್ಲ. ಅಚ್ಚಿನ ಅಜ್ಜಿಯ ಮನೆಗೆ ಹೋಗಿ ಕೇಳಿದರೆ ಅವಳು ಕೆನ್ನೆ ಬಡಿದುಕೊಂಡಳು. "ಶಿವಶಿವಾ! ಸೋಮವಾರ ಬಸವನ್ನ ಹೂಡ್ತೀರೇನ್ರೀ ಗೌಡ್ರ?"

ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ, ಅವನಿಗೆ ಬಿಡುವು. ಮಾವನವರು ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾ ಕಟ್ಟಿದ ಗಂಟೀ ನನ್ನ ಕೊಳ್ಳಿಗೇ ಬಂತಲ್ಲ ಯವ್ವಾ! ಇರಲಿ ಬಿಡು. ಅವನೂ ಮಲಗಲಿ." ಹೀಗೆ ಇಂಜಿನ್ ಬಸವನಿಗೆ ಸೋಮವಾರ ರಜೆಯಾಯಿತು. ಸೋಮವಾರಕ್ಕೆ ಉಳಿಯದಿರಲಿ ಎಂದು ಭಾನುವಾರ ಯಾರೂ ಕಬ್ಬು ಕಡಿಯುತ್ತಿರಲಿಲ್ಲ. ಅದರಿಂದ ಯಾರಿಗೂ ನಷ್ಟವೂ ಆಗುತ್ತಿರಲಿಲ್ಲ, ಆ ವರ್ಷದವರೆಗೆ.

ಆ ವರ್ಷ ಮಾಗಿಯಲ್ಲಿ ಅಕಾಲದ ಮಳೆ ಹಿಡಿಯಿತು. ಕಡಿದ ಕಬ್ಬು ಬೆಟ್ಟದಷ್ಟು ಅಂಗಳದಲ್ಲಿ ಬಿದ್ದಿತ್ತು. ಒಬ್ಬರದಲ್ಲ, ಊರಿನ ಅರ್ಧ ಜನರದು. ಒಲೆ ಹತ್ತದು, ಇಂಜಿನ್ ಏಳದು. ಭಾನುವಾರ ಸಂಜೆಯ ಹೊತ್ತಿಗೆ ಒಟ್ಟಿಲಿನ ಒಳಗೆ ಕೈಯಿಟ್ಟರೆ ಬಿಸಿ ತಾಕುತ್ತಿತ್ತು, ಹೆಂಡದ ವಾಸನೆ ಏಳತೊಡಗಿತ್ತು. ಹುಳಿ ಹಿಡಿದ ಕಬ್ಬಿನ ಹಾಲು ಎಷ್ಟು ಕಾಯಿಸಿದರೂ ಬೆಲ್ಲವಾಗಿ ನಿಲ್ಲುವುದಿಲ್ಲ, ಅಂಟಾಗಿಯೇ ಉಳಿಯುತ್ತದೆ. ಸೋಮವಾರ ಬೆಳಗಾದಾಗ ಫಳಫಳ ಬಿಸಿಲು.

ಮಾವನವರು ಮನೆಮನೆಗೆ ಹೋದರು. ಈ ಒಟ್ಟಿಲು ಕೊಳೆತರೆ ಮುಂದಿನ ವರ್ಷ ಯಾರೂ ಕಬ್ಬು ನಾಟುವುದಿಲ್ಲ, ಗಾಣ ಮುಚ್ಚುತ್ತದೆ, ಚಾವಡಿಯಲ್ಲಿ ಮೇಸ್ತ್ರಿ ಕಾಯುತ್ತಲೇ ಇದ್ದಾನೆ ಎಂದು ಕೈಮುಗಿದು ಹೇಳಿದರು. ಗಂಡಸರು ಅಚ್ಚಿನ ಅಜ್ಜಿಯ ಮುಖ ನೋಡಿದರು.

"ಬ್ಯಾಡ್ರಿ ಗೌಡ್ರ," ಎಂದಳು ಅಜ್ಜಿ. "ಇವತ್ತು ಅವನ ದಿನ."

"ಅವ್ವಾ, ಅದು ಕಬ್ಬಿಣ. ಬಸವ ಅಂತ ಹೆಸರಿಟ್ಟಾಂವ ನಾನ ಅಲ್ಲೇನು?"

"ಹೆಸರಿಟ್ಟ ಮ್ಯಾಲ ಮಗ ಮಗನ. ಆಮ್ಯಾಲ ಅಲ್ಲ ಅನ್ನಾಕ ಬರತೈತೇನ್ರೀ?"

ಮಾವನವರು ಅಂಗಳಕ್ಕೆ ತಿರುಗಿದರು. ಬಂದು, ಒದ್ದೆ ಬಟ್ಟೆಯಿಂದ ಇಂಜಿನ್ನಿನ ವಿಭೂತಿ ಒರೆಸಿದರು. ಒರೆಸುವಾಗ ಅವರ ತುಟಿ ಅಲುಗುತ್ತಿತ್ತು. ಏನು ಹೇಳಿಕೊಂಡರೋ ಶಿವನೇ ಬಲ್ಲ. ಗಂಟೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ನಾವು ಮನೆಯವರು ನಾಲ್ಕೇ ಜನ ಕೆಲಸ ಶುರು ಮಾಡಿದೆವು. ಗಂಡ ಗಾಣಕ್ಕೆ ಕಬ್ಬು ಕೊಡುವುದು, ನಾನು ಹಾಲು ಹೊರುವುದು, ಅತ್ತೆಯವರು ಒಲೆ. ಊರಿನವರು ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಇಂಜಿನ್ನಿನಿಂದ ಗಾಣಕ್ಕೆ ಹಾಕಿದ ಚರ್ಮದ ಪಟ್ಟಾ ಮಳೆಗೆ ನೆನೆದು ಜಾರುತ್ತಿತ್ತು. ಅದಕ್ಕೆ ರಾಳ ಹಚ್ಚಿ ಹಿಡಿಯುವ ಆಳೊಬ್ಬನಿದ್ದ, ಅವನೂ ಬೇಲಿಯ ಆಚೆಯೇ ನಿಂತಿದ್ದ. ಮಾವನವರು ತಾವೇ ರಾಳ ಹಿಡಿದು ಬಾಗಿದರು. ಧೋತರದ ಚುಂಗು ಪಟ್ಟಾಕ್ಕೆ ಸಿಕ್ಕಿತು. ನನ್ನ ಗಂಡ ಓಡಿ ಇಂಜಿನ್ ನಿಲ್ಲಿಸುವಷ್ಟರಲ್ಲಿ ಅದು ಅವರನ್ನು ಎಳೆದು ಬಡಿದು ಎಸೆದಿತ್ತು.

ಬೇಲಿಯ ಆಚೆಯಿಂದ ಯಾರೋ ಒಬ್ಬರು ಅಂದರು, "ಬಸವ ಹಾದ."

ಎತ್ತು ಕೊಂಬಿನಿಂದ ಇರಿದರೆ ಹೇಳುವ ಮಾತು ಅದು. ಸಂಜೆಯೊಳಗೆ ಕಂಪ್ಲಿಯವರೆಗೂ ಹೋಗಿತ್ತು.

ಕಂಪ್ಲಿಯಿಂದ ಬಂದ ಡಾಕ್ಟರು ನೋಡಿ ತಲೆಯಲ್ಲಾಡಿಸಿ ಹೋದರು. ಮಾವನವರಿಗೆ ಎಚ್ಚರವಿತ್ತು. ನೋವಿಗಿಂತ ಹೆಚ್ಚಾಗಿ ಆ ಮಾತು ಅವರನ್ನು ಕೊಲ್ಲುತ್ತಿತ್ತು. "ಪಟ್ಟಾ ಹಸಿ ಇತ್ತು. ಧೋತರ ಸಿಕ್ತು. ಅಷ್ಟ. ಊರಾಗ ಹಂಗ ಹೇಳ್ರಿ," ಎಂದು ಮತ್ತೆ ಮತ್ತೆ ಹೇಳಿದರು. ಮಾತು ನಿಂತಾಗಲೆಲ್ಲ ಇನ್ನು ಮುಗಿಯಿತು ಎಂದುಕೊಳ್ಳುತ್ತಿದ್ದೆವು. ಮತ್ತೆ ಕಣ್ಣು ಬಿಟ್ಟು "ಇನ್ನೂ ಸೋಮವಾರಾನ?" ಎಂದು ಕೇಳುವರು. ಬೆಳಗಿನ ಬಿಸಿಲು ಕಿಟಕಿಗೆ ಬಿದ್ದ ಮೇಲೆ ಇನ್ನೊಮ್ಮೆ ಕೇಳಿದರು.

"ಮಂಗಳವಾರ ಆತ್ರಿ ಮಾವಾರ," ಎಂದೆ.

"ಹೌದಾ?" ಅವರ ಮುಖ ಸಡಿಲವಾಯಿತು. "ಹಂಗಾರ ನಾ ಮಂಗಳವಾರ ಸತ್ತೆ ಅಂತ ಹೇಳು ಯವ್ವಾ. ಸೋಮವಾರ ಅನ್ನಾಕ ಬಿಡಬ್ಯಾಡ. ಸೋಮವಾರ ಅಂದ್ರ ಗಾಣ ನಿಂತುಬಿಡತೈತಿ."

ಮಂಗಳವಾರವೇ ಹೋದರು. ಸಾಯುವ ಮನುಷ್ಯ ಜೀವವನ್ನು ಹಲ್ಲು ಕಚ್ಚಿ ಹಿಡಿದು ಒಂದು ದಿನ ದಾಟಿಸಿದ್ದನ್ನು ನಾನು ಅವರಲ್ಲಿ ಮಾತ್ರ ಕಂಡೆ.

ನಾನು ಹೇಳಿದೆ. ಮಣ್ಣಿಗೆ ಬಂದವರಿಗೆ ಹೇಳಿದೆ, ಕೆರೆಯ ದಂಡೆಯಲ್ಲಿ ಹೇಳಿದೆ, ಬಾಯಿ ಮಾಡಿ ಜಗಳವಾಡಿಯೂ ಹೇಳಿದೆ. ಎಲ್ಲರೂ ಅತ್ತರು. ಅವರ ಮೇಲೆ ಪ್ರೀತಿಯಿರಲಿಲ್ಲ ಎಂದು ಯಾರ ಬಗೆಗೂ ಹೇಳಲಾರೆ. ಕಣ್ಣೊರೆಸಿಕೊಂಡು, "ಏನ್ ಮಾಡೂದು ತಾಯಿ, ಬಸವ ಹಾದ," ಎಂದು ಎದ್ದು ಹೋದರು. ಒಟ್ಟಿಲು ಕೊಳೆತು ಊರೆಲ್ಲ ನಾರಿತು. ಅಯ್ಯನವರು ಶಾಂತಿ ಮಾಡಿಸಿ ಎಂದರು, ಮಾಡಿಸಿದೆವು. ನನ್ನ ಗಂಡ ಒಂದು ಬುಧವಾರ ಇಂಜಿನ್ ಹಚ್ಚಿ ಊರನ್ನು ಕರೆದರು. ಅದು ಮಧ್ಯಾಹ್ನದವರೆಗೆ ಬರಿದೇ ಟುಕುಟುಕು ಎಂದಿತು. ಯಾರೂ ಕಬ್ಬು ತರಲಿಲ್ಲ. ನಿಲ್ಲಿಸಿದೆವು.

ಯುದ್ಧ ಶುರುವಾಗಿ ಸಂಡೂರಿನ ಅದಿರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಮೇಸ್ತ್ರಿ ಈ ಸಲ ಚಾವಡಿಯಲ್ಲಿ ಕಾಯಲಿಲ್ಲ, ಲಾರಿಯನ್ನೇ ತಂದ. ಗದ್ದಲ ಕೇಳಿ ನಾನು ಓಡಿದೆ. ಅಚ್ಚು ತೊಳೆಯುತ್ತಿದ್ದ ಹೆಂಗಸರು, ಸೋಗೆ ಸವರುತ್ತಿದ್ದ ಗಂಡಸರು, ಪಟ್ಟಾಕ್ಕೆ ರಾಳ ಹಚ್ಚುತ್ತಿದ್ದವನು, ಎಲ್ಲರೂ ಲಾರಿಯಲ್ಲಿ ಗಂಟುಗಳ ಮೇಲೆ ಕುಳಿತಿದ್ದರು. ಎಲ್ಲರಿಗಿಂತ ಮುಂದೆ ಅಚ್ಚಿನ ಅಜ್ಜಿ. ಆ ವಯಸ್ಸಿನಲ್ಲಿ ಅವಳು ಕಲ್ಲು ಒಡೆಯಬೇಕು! ನನಗೆ ಅಳು, ಸಿಟ್ಟು ಎರಡೂ ಒತ್ತರಿಸಿ ಬಂದವು.

"ಅಜ್ಜೀ, ಇಳಿ ಕೆಳಗ! ಇವತ್ತು ಯಾವ ವಾರ ಗೊತ್ತೈತೇನು?" ಎಂದು ಕೂಗಿದೆ.

ಅವಳು ನನ್ನ ಮುಖ ನೋಡಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡ ರೊಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

"ಗೊತ್ತೈತಿ ತಾಯಿ. ಸೋಮವಾರ," ಎಂದಳು. "ಸೋಮವಾರ ಇರೂದು ಎತ್ತಿಗೆ. ನಮಗೆಲ್ಲೈತಿ?"