ಕಿತ್ತಳೆ ಮುಳ್ಳಿನ ಹಾಡು

ಮೊನ್ನೆ ಮೊಮ್ಮಗಳು ಅಡುಗೆಮನೆಯಲ್ಲಿ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಒಂದು ಹಾಡು ಹಾಕಿದಳು. ಬ್ರಿಟನ್ನಿನ ಯಾವುದೋ ಬ್ಯಾಂಡಿನದಂತೆ, ಒಂದು ಕಾಲಕ್ಕೆ ಲೋಕದ ತುಂಬ ಅದೇ ಹಾಡಂತೆ. ಹಾಡುವವನಿಗೆ ಹಲ್ಲುನೋವು ಇದ್ದಂತೆ ನನಗೆ ಕೇಳಿಸಿತು, ಹಾಗೇ ಹೇಳಿದೆ. "ಅಜ್ಜಿ, ನಿಂಗೆ ಅರ್ಥ ಆಕಿಲೆ. ಸುಮ್ಮನೆ ಕೇಳ್," ಎಂದಳು. ಕೇಳಿದೆ. ದನಿ ಡಬ್ಬಿಯ ತಗಡಿಗೆ ತಾಗಿ ಸಣ್ಣಗೆ, ಪಕ್ಕದ ಕೋಣೆಯಿಂದ ಬಂದಂತೆ ಬರುತ್ತಿತ್ತು. ತಿಳಿಯದ ಇಂಗ್ಲಿಷು, ಗಂಡಸಿನ ದನಿ, ಒಲೆಯ ಮೇಲೆ ಕುದಿಯುವ ಸಾರು. ನನ್ನ ಕೈಯ ಸೌಟು ಹಾಗೇ ನಿಂತಿತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯುವುದು ನನ್ನ ಕೆಲಸವಲ್ಲ. ಆದರೆ ಕೊಡಗಿನ ಕಕ್ಕಬೆಯಲ್ಲಿ ನಾನು ಬೆಳೆದ ಮನೆಯನ್ನು ಒಳಗಿನಿಂದ ಕಂಡವರು ನನ್ನ ಬಿಟ್ಟರೆ ಯಾರೂ ಉಳಿದಿಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು, ಇಲ್ಲದಿದ್ದರೆ ಇದನ್ನು ಓದುತ್ತ ಕೂರುತ್ತಿರಲಿಲ್ಲ.

ಕೊಡಗು ಮೈಸೂರಿಗೆ ಸೇರಿದ ಹೊಸತು. ಅಪ್ಪ ಒಬ್ಬ ಇಂಗ್ಲಿಷ್ ದೊರೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ದೊರೆ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಬಂಗಲೆಯ ಸಾಮಾನು ಹಂಚಿದ. ಬಟ್ಲರನಿಗೆ ಕುರ್ಚಿ, ಮೇಸ್ತ್ರಿಗೆ ಬೂಟು. ಬೂಟು ಮೇಸ್ತ್ರಿಯ ಕಾಲಿಗೆ ಆಗದೆ ಅವರ ಮನೆಯ ಕೋಳಿ ಅದರಲ್ಲಿ ಮೊಟ್ಟೆ ಇಡುತ್ತಿತ್ತು. ಅಪ್ಪನಿಗೆ ಸಿಕ್ಕಿದ್ದು ಕೈಯಿಂದ ತಿರುಗಿಸುವ ಗ್ರಾಮಫೋನು, ಜೊತೆಗೆ ಅದರ ಮೇಲೇ ಮರೆತಿದ್ದ ಒಂದು ಪ್ಲೇಟು. ಆ ವರ್ಷ ಅವರ ದೇಶದಲ್ಲಿ ಎಲ್ಲರ ಬಾಯಲ್ಲೂ ಆ ಹಾಡೇ ಅಂತೆ, ದೊರೆಯ ತಂಗಿ ಹಡಗಿನಲ್ಲಿ ಕಳಿಸಿದ್ದಂತೆ. ನಮಗೆ ಏನು ತಿಳಿಯಬೇಕು? ಅವ್ವ ಅದನ್ನು ದೇವರ ಹಾಡು ಎಂದಳು, ಅಪ್ಪ ಕುಡುಕರ ಹಾಡು ಎಂದ. ಪ್ಲೇಟಿಗೆ ತಾಗಿ ಓಡುವ ಪಿನ್ನುಗಳು ಬೇಗ ಸವೆದವು. ಮಡಿಕೇರಿಯಿಂದ ತರಲು ಹೇಳಿದರೆ ಅಪ್ಪ ಪ್ರತಿ ಸಲವೂ ಮರೆತು ಬರುತ್ತಿದ್ದ. ಕೊನೆಗೆ ನನ್ನ ಅಜ್ಜಿ ತೋಟಕ್ಕೆ ಹೋಗಿ ಕಿತ್ತಳೆ ಗಿಡದ ಬಲಿತ ಮುಳ್ಳು ಮುರಿದು ತಂದು, ಪಿನ್ನಿನ ಜಾಗಕ್ಕೆ ಸಿಕ್ಕಿಸಿದಳು. ಹಾಡು ಬಂತು. ಆದರೆ ಕಬ್ಬಿಣದ ಪಿನ್ನಿನಲ್ಲಿ ಅಂಗಳದಾಚೆ ಕೇಳುತ್ತಿದ್ದ ಗಂಡಸು ಈಗ ಕಂಬಳಿಯೊಳಗೆ ಮುಖ ಹುದುಗಿಸಿ ಹಾಡಿದಂತಿತ್ತು. ಉಳಿದಿದ್ದ ಒಂದು ಒಳ್ಳೆಯ ಪಿನ್ನನ್ನು ಅಜ್ಜಿ ಅರಿಸಿನದ ಡಬ್ಬಿಯಲ್ಲಿಟ್ಟಳು. ಯಾತಕ್ಕೆ ಎಂದು ಹೇಳಲಿಲ್ಲ.

ಮುಳ್ಳು ಕೊಯ್ಯುವ ಕೆಲಸ ಅತ್ತೆಯದಾಯಿತು. ಅಪ್ಪನ ತಂಗಿ ದೇವಕಿ ಅತ್ತೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಜ್ವರದಲ್ಲಿ ಹೋದ, ಅವಳು ತವರಿಗೆ ಬಂದಳು. ಹುಟ್ಟಿದ ಮನೆಯಲ್ಲೇ ನೆಂಟರಂತೆ ಓಡಾಡುತ್ತಿದ್ದಳು, ಎರಡನೇ ಸಲ ಅನ್ನ ಹಾಕಿದರೆ ಬೇಡ ಎನ್ನುತ್ತಿದ್ದಳು. ಮುಳ್ಳು ಮಾತ್ರ ಯಾರೂ ಹೇಳದೆ ತರುತ್ತಿದ್ದಳು. ಒಲೆಯ ಮೇಲಿನ ಅಟ್ಟದಲ್ಲಿ ಹರಡಿ, ಒಣಗಿದ ಮೇಲೆ ತುದಿಯನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಅವಳ ಬೆರಳಿಗೆ ಸದಾ ಕಿತ್ತಳೆ ಎಲೆಯ ವಾಸನೆ, ಅದರ ಮೇಲೆ ಹೊಗೆಯ ವಾಸನೆ. ಹಾಡು ಹಾಕಿದಾಗ ಬಾಗಿಲು ಮುಂದೆ ಮಾಡಿ ನನ್ನ ಎರಡೂ ಕೈ ಹಿಡಿದು ಕುಣಿಸುತ್ತಿದ್ದಳು. ಬಾಗಿಲು ತೆರೆದರೆ ನಿಲ್ಲಿಸಿಬಿಡುತ್ತಿದ್ದಳು.

ಆಮೇಲೆ ಕುಟ್ಟದ ಕಡೆಯಿಂದ ಸಂಬಂಧ ಬಂತು. ಹುಡುಗ ಎಸ್ಟೇಟಿನ ಲಾರಿ ಓಡಿಸುವವನು, ಮಾತು ಕಡಿಮೆ. ನಮ್ಮ ಗೌಡರಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಉಂಟು, ಅದಕ್ಕೆ ಯಾರದೂ ತಕರಾರಿಲ್ಲ. ಆದರೆ ನಮ್ಮ ಮನೆತನದಲ್ಲಿ ಆ ಮದುವೆಗೆ ವಾಲಗ ಇಲ್ಲ. ಊದುವವರು, ಬಡಿಯುವವರು ಬಂದು ನೆಂಟರೆಲ್ಲ ಕುಣಿಯದೆ ನಮ್ಮಲ್ಲಿ ಯಾವ ಹೆಣ್ಣೂ ಮನೆಯಿಂದ ಹೊರಡುವುದಿಲ್ಲ, ಎರಡನೇ ಸಲ ಹೋಗುವವಳು ಮಾತ್ರ ಸದ್ದಿಲ್ಲದೆ ಹೋಗಬೇಕು. ಈ ನಿಯಮವನ್ನು ಕಾಯುತ್ತಿದ್ದವರು ಅಜ್ಜನ ಅಣ್ಣ, ಮನೆಗೆ ಹಿರಿಯರಾದ ದೊಡ್ಡಜ್ಜ. ಅಜ್ಜ ತೀರಿಹೋದ ಮೇಲೆ ಅವರು ಹೇಳಿದ್ದೇ ಕಟ್ಟು. ಮದುವೆಯ ಹಿಂದಿನ ದಿನ ಅತ್ತೆ ಹಂದಿ ಸಾರಿಗೆ ಮೆಣಸು ಅರೆಯುತ್ತ, ತಲೆ ಎತ್ತದೆ ಅಜ್ಜಿಗೆ ಅಂದಳು: "ಸತ್ತರೂ ವಾಲಗ ಉಟ್ಟು. ನಂಗೆ ಅದೂ ಇಲ್ಲೆ ಅಲ್ಲವ್ವ? ಕದ್ದು ಹೋದವಳಂಗೆ ನಾ ಹೋಕಿಲೆ. ಬೇಡ, ಈ ಮದುವೆಯೇ ಬೇಡ."

ಅಜ್ಜಿ ಸಮಾಧಾನ ಹೇಳುವ ಹೆಂಗಸಲ್ಲ. "ಮೆಣಸು ನುಣ್ಣಗಾತ್, ಸಾಕ್ ನಿಲ್ಸ್," ಎಂದಳು, ಅಷ್ಟೇ.

ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಧಾರೆ ಮುಗಿಯಿತು. ಗಂಡಿನ ಕಡೆಯವರು ನಾಲ್ಕೇ ಜನ, ಜೀಪು ಗದ್ದೆಯ ಬದಿಯಲ್ಲಿ ನಿಂತಿತ್ತು. ಅತ್ತೆ ನಡುಮನೆಯ ಕಂಬ ಹಿಡಿದು ನಿಂತಳು, ಹೊರಡು ಎಂದರೆ ಹೊರಡಲಿಲ್ಲ. ಆಗ ಅಜ್ಜಿ ಒಳಗಿನಿಂದ ಗ್ರಾಮಫೋನನ್ನು ಸೊಂಟದ ಮೇಲೆ ಕೊಡಪಾನದಂತೆ ಹೊತ್ತು ತಂದು ಮಣೆಯ ಮೇಲಿಟ್ಟಳು. ಅರಿಸಿನದ ಡಬ್ಬಿಯಲ್ಲಿಟ್ಟಿದ್ದ ಪಿನ್ನನ್ನು ಸೆರಗಿಗೆ ಒರೆಸಿದಳು.

ಜಗಲಿಯಿಂದ ದೊಡ್ಡಜ್ಜ ಕೂಗಿದರು. "ಅದೆಂತ? ಈ ಮದುವೆಗೆ ವಾಲಗ ಇಲ್ಲೆ ಗೊತ್ತಿಲ್ಯಾ ನಿಂಗೆ?"

"ವಾಲಗ ಎಲ್ಲಿ ಉಟ್ಟು ಭಾವಾ? ಊದುವವ ಎಲ್ಲಿ? ಬಡಿಯುವವ ಎಲ್ಲಿ? ಇದ್ ಪೆಟ್ಟಿಗೆ."

"ಪೆಟ್ಟಿಗೆಲಿ ಹಾಡುವವ ಒಳ ಅಲ್ಲಾ?"

"ಅಂವ ಇಂಗ್ಲಿಷಿನವ. ನಮ್ಮ ಮನೆ ಕಟ್ಟ್ ಅವಂಗೆ ಎಂತಕೆ? ಬೇಕಾರೆ ನೀವೇ ಹೋಗಿ ಅವಂಗೆ ಹೇಳಿ."

ಯಾರೋ ಸೆರಗು ಬಾಯಿಗೆ ಒತ್ತಿ ನಕ್ಕರು. ದೊಡ್ಡಜ್ಜ ಅಜ್ಜಿಯನ್ನಲ್ಲ, ಕಂಬ ಹಿಡಿದ ಅತ್ತೆಯನ್ನು ನೋಡಿದರು. "ಮುಳ್ಳಲ್ಲಿ ಹಾಕ್," ಎಂದರು. "ಊರಿಗೆ ಕೇಳಿಕೆ ಆಗದ್."

ಅಜ್ಜಿ ಪಿನ್ನನ್ನು ಕೆಳಗಿಟ್ಟು, ಅತ್ತೆಯೇ ಉಜ್ಜಿಟ್ಟ ಮುಳ್ಳು ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿದಳು. ಹಾಡು ಎಷ್ಟು ಸಣ್ಣಗೆ ಬಂತೆಂದರೆ, ಮಾತಾಡಿದರೆ ಮುಳುಗಿಹೋಗುತ್ತಿತ್ತು. ಹಾಗಾಗಿ ಯಾರೂ ಮಾತಾಡಲಿಲ್ಲ. ಅವ್ವ ಬಳೆಗಳನ್ನು ಮೊಣಕೈಯವರೆಗೆ ಏರಿಸಿ ಬಿಗಿ ಮಾಡಿಕೊಂಡಳು, ಉಳಿದವರೂ ಹಾಗೇ ಮಾಡಿದರು. ಹೆಂಗಸರು ಅತ್ತೆಯ ಸುತ್ತ ಬರಿಗಾಲಲ್ಲಿ, ಹಿಮ್ಮಡಿ ಊರದೆ, ಮಲಗಿದ ಮಗುವಿನ ಪಕ್ಕದಲ್ಲಿ ನಡೆದಂತೆ ಕುಣಿದರು. ವಾಲಗಕ್ಕೆ ಕುಣಿಯುವಾಗ ನೆಲ ಅದುರುತ್ತದೆ, ಆವತ್ತು ಸಗಣಿ ಸಾರಿಸಿದ ನೆಲದ ಮೇಲೆ ಕಾಲು ಸವರುವ ಸದ್ದು ಮಾತ್ರ. ಅತ್ತೆ ಕಂಬ ಬಿಟ್ಟಳು. ನನ್ನ ಎರಡೂ ಕೈ ಹಿಡಿದಳು. ಬಾಗಿಲು ಹಾರುಹೊಡೆದಿತ್ತು. ಅವಳು ನಿಲ್ಲಿಸಲಿಲ್ಲ.

ನಡುವೆ ದೊಡ್ಡಜ್ಜ ಒಳಗೆ ಬಂದರು. ನಿಲ್ಲಿಸುತ್ತಾರೆಂದು ಎಲ್ಲರ ಕಾಲೂ ತಡೆಯಿತು. "ಹೊರಗೆ ಎಂತದೂ ಕೇಳ್ತಿಲ್ಲೆ," ಎಂದು ಗೊಣಗಿ, ಪೆಟ್ಟಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಿವಿ ಕೊಟ್ಟರು. ಹಾಡು ಮುಗಿದಾಗ ಹ್ಯಾಂಡಲ್ ಹಿಡಿದು ಮತ್ತೆ ತಿರುಗಿಸಿದವರು ಅವರೇ.

ಆಮೇಲೆ ಅತ್ತೆ ಹೋದಳು. ಅಳಲಿಲ್ಲ. ಕುಟ್ಟದಲ್ಲಿ ಚೆನ್ನಾಗಿಯೇ ಬಾಳಿದಳು, ಮಕ್ಕಳಾದವು, ಮೈ ತುಂಬಿಕೊಂಡಳು, ನನ್ನ ಮದುವೆಗೆ ಬಂದು ಸಾರಿಗೆ ಹುಳಿ ಸಾಲದು ಎಂದು ಜಗಳವಾಡಿದಳು. ಕಕ್ಕಬೆಯ ಮನೆ ಪಾಲಾಗಿ ಕೈ ಬದಲಾಯಿತು. ಕೊಂಡವರು ಕೆಡವಿ ಕಾಫಿ ಒಣಗಿಸುವ ಕಣ ಮಾಡಿದ್ದಾರೆ. ಪ್ಲೇಟು ಎಲ್ಲಿ ಹೋಯಿತೋ ತಿಳಿಯದು. ಅಜ್ಜಿ, ದೊಡ್ಡಜ್ಜ, ಅಪ್ಪ, ಅವ್ವ, ಬಳೆ ಏರಿಸಿ ಕುಣಿದ ಹೆಂಗಸರು ಒಬ್ಬೊಬ್ಬರಾಗಿ ಹೋದರು. ಹೋಗುವ ವಯಸ್ಸಾಗಿತ್ತು, ಹೋದರು. ಅತ್ತೆಯೂ ಹೋದ ಮೇಲೆ ನಾನು ಕುಟ್ಟಕ್ಕೆ ಹೋಗಿದ್ದೆ. ಅತ್ತೆಯ ಗಂಡ, ನನ್ನ ಮಾವ, ಹಿತ್ತಿಲಲ್ಲಿ ಕೂತಿದ್ದರು. ಅವತ್ತೂ ಮಾತು ಕಡಿಮೆಯೇ. ತುಂಬ ಹೊತ್ತಾದ ಮೇಲೆ ಅವರಾಗಿಯೇ ಹೇಳಿದರು. ಮದುವೆಯ ಸಂಜೆ ಜೀಪಿನಲ್ಲಿ ಕುಟ್ಟ ಬರುವವರೆಗೂ ಅತ್ತೆ ಆ ಹಾಡನ್ನು ಬಾಯೊಳಗೇ ಗುನುಗುತ್ತಿದ್ದಳಂತೆ, ಒಂದು ಶಬ್ದವೂ ಸರಿಯಿಲ್ಲವಂತೆ. ಅದರ ಅರ್ಥ ಎಂತ ಎಂದು ಇವರು ಕೇಳಿದ್ದಕ್ಕೆ ಅಂದಳಂತೆ: "ಗೊತ್ತಿಲ್ಲೆ. ನಂಗೆ ಹಾಕಿದ ಹಾಡ್ ಅದ್."

ಇದನ್ನು ಹೇಳಿದ ಮಾವನೂ ಈಗ ಇಲ್ಲ.