ಮೆಹಬೂಬನ ವೀಸಾ ಮುಗಿದ ದಿನ

ಕಾಯಿಪಲ್ಲೆ ತರಲು ಹೊರಟರೂ ನನ್ನ ಜೇಬಿನಲ್ಲಿ ಆಧಾರ್ ಕಾರ್ಡು, ಅದರ ಝೆರಾಕ್ಸು, ರೇಷನ್ ಕಾರ್ಡಿನ ಝೆರಾಕ್ಸು ಮತ್ತು ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ ಇರುತ್ತವೆ. ಬದನೆಕಾಯಿ ಮಾರುವ ಹೆಂಗಸು ಈವರೆಗೆ ಅವನ್ನು ಕೇಳಿಲ್ಲ. ನಾಳೆ ಕೇಳಿದರೆ ಎಂಬುದು ನನ್ನ ಹೆದರಿಕೆ. ಒಂಬತ್ತು ವರ್ಷ ಗಲ್ಫಿನಲ್ಲಿದ್ದು ಬಂದವನಿಗೆ ಅಂಟಿದ ಚಟ ಇದು. ಅಲ್ಲಿ ಗುರುತಿನ ಚೀಟಿ ಮರೆತು ಬೀದಿಗಿಳಿದರೆ ಎದುರಿಗೆ ಬರುವ ಪ್ರತಿಯೊಬ್ಬನೂ ಪೊಲೀಸಿನವನಂತೆ ಕಾಣುತ್ತಿದ್ದ.

ನಾನು ಲಿಫ್ಟ್ ಮೆಕ್ಯಾನಿಕ್. ಮುಂಬೈಯ ಬೊರಿವಲಿಯಲ್ಲಿ ಇಪ್ಪತ್ತೊಂದು ಬಿಲ್ಡಿಂಗುಗಳ ಲಿಫ್ಟುಗಳನ್ನು ನೋಡಿಕೊಳ್ಳುತ್ತೇನೆ. ನಾನಿರುವ ಬಿಲ್ಡಿಂಗಿಗೆ ಲಿಫ್ಟಿಲ್ಲ, ಮೂರನೆಯ ಮಹಡಿಯವರೆಗೆ ಮೆಟ್ಟಿಲೇ ಗತಿ. ಆದ್ದರಿಂದ ಏರುವುದು ಇಳಿಯುವುದರ ಬಗ್ಗೆ ನನಗೆ ಎರಡೂ ಕಡೆಯ ಅನುಭವವಿದೆ ಎಂದು ಹೇಳಿಕೊಳ್ಳಬಹುದು.

ಪರದೇಶಕ್ಕೆ ಹೋಗುವುದಾದರೆ ಕಾಯದೆ ಪ್ರಕಾರ ಹೋಗಬೇಕು, ಇಲ್ಲದಿದ್ದರೆ ಮನೆಯಲ್ಲಿರಬೇಕು. ಈ ಮಾತನ್ನು ನಾನು ಬಹಳ ವರ್ಷ ಬಹಳ ಜನರಿಗೆ ಹೇಳಿದ್ದೇನೆ. ಹೇಳುವ ಹಕ್ಕೂ ನನಗಿತ್ತು. ಟ್ರೇಡ್ ಟೆಸ್ಟ್ ಎಂಬ ಕಸುಬಿನ ಪರೀಕ್ಷೆ ಕೊಟ್ಟು, ರಕ್ತ ಕೊಟ್ಟು, ಎದೆಯ ಎಕ್ಸ್‌ರೇ ಕೊಟ್ಟು, ಏಳು ತಿಂಗಳು ಕಾದು, ಕೆಲಸದ ವೀಸಾ ಹಚ್ಚಿಸಿಕೊಂಡು ವಿಮಾನ ಹತ್ತಿದವನು ನಾನು. ಇಷ್ಟು ಕಾದವನಿಗೆ ಸಾಲು ತಪ್ಪಿಸಿ ಬಂದವರ ಮೇಲೆ ಸಿಟ್ಟು ಬರುವುದು ಸಹಜ. ಅದು ಸಾಲಿನಲ್ಲಿ ನಿಂತವನ ಸಿಟ್ಟು. ಅದರಲ್ಲಿ ನ್ಯಾಯವಿದೆ, ಸ್ವಲ್ಪ ಜಂಬವೂ ಇದೆ.

ಅದೇ ವಿಮಾನದಲ್ಲಿ ನನ್ನ ಪಕ್ಕದ ಸೀಟಿನಲ್ಲಿದ್ದವನು ಮೆಹಬೂಬ್. ಇಬ್ಬರದೂ ಇಂಡಿ ತಾಲೂಕು, ಇಬ್ಬರೂ ದಾದರಿನ ಒಂದೇ ಕಂಪನಿಯಲ್ಲಿ ಲಿಫ್ಟಿನ ಕೆಲಸ ಕಲಿತವರು. ಮನೆಯಲ್ಲಿ ಅವನದು ದಖ್ಖನಿ, ನನ್ನ ಜೊತೆ ಕನ್ನಡ. ಅವನೂ ಟ್ರೇಡ್ ಟೆಸ್ಟ್ ಕೊಟ್ಟಿದ್ದ, ಅವನೂ ಏಳು ತಿಂಗಳು ಕಾದಿದ್ದ. ಅಲ್ಲಿ ಇಳಿದ ಮೇಲೆ ನಾನು ಒಂದು ದೊಡ್ಡ ಕಂಪನಿಗೆ ಹೋದೆ, ಅವನು ಇಬ್ಬರೇ ಪಾಲುದಾರರಿದ್ದ ಸಣ್ಣ ಕಂಪನಿಗೆ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ. ಇದನ್ನು ಆಗ ನಾನು ವ್ಯತ್ಯಾಸವೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾಲ್ಕನೆಯ ವರ್ಷ ಅವನ ಮಾಲೀಕರು ಆಫೀಸಿಗೆ ಬೀಗ ಹಾಕಿ ಎಲ್ಲಿಗೋ ಹೋದರು. ಮೆಹಬೂಬನ ಪಾಸ್‌ಪೋರ್ಟು ಆ ಬೀಗದ ಒಳಗಿತ್ತು. ಅವನು ದಿನಾ ಹೋಗಿ ಬಾಗಿಲ ಮುಂದೆ ನಿಂತು ಬರುತ್ತಿದ್ದ. ಒಂದು ದಿನ ಅವನ ವೀಸಾದ ತಾರೀಖು ಮುಗಿಯಿತು. ಅಂದು ಅವನು ಯಾವ ಗಡಿಯನ್ನೂ ದಾಟಲಿಲ್ಲ, ಯಾವ ಬೇಲಿಯನ್ನೂ ಹಾರಲಿಲ್ಲ. ಹಿಂದಿನ ದಿನ ಮಲಗಿದ್ದ ಮಂಚದ ಮೇಲೆಯೇ ಮಲಗಿದ್ದು ಬೆಳಿಗ್ಗೆ ಎದ್ದ. ಏಳುವಾಗ ಅವನು ಅಕ್ರಮ ವಲಸಿಗನಾಗಿದ್ದ.

ಆಮೇಲೆ ಆ ಮಂಚವೂ ಹೋಯಿತು. ನಮ್ಮ ಕಂಪನಿಯ ಕೆಲಸಗಾರರಿದ್ದ ಕ್ಯಾಂಪಿಗೆ ಬಂದು ನನ್ನ ಕೋಣೆಯಲ್ಲಿ ಒಂದು ವಾರ ಇದ್ದ. ನಾವು ಆರು ಜನರಿದ್ದೆವು, ಅವನು ಏಳನೆಯವನು. ಜೋಳದ ರೊಟ್ಟಿ ಬಡಿಯುವುದು ಅವನೊಬ್ಬನಿಗೇ ಬರುತ್ತಿತ್ತಾದ್ದರಿಂದ ಮೊದಮೊದಲು ಎಲ್ಲರಿಗೂ ಖುಷಿಯೇ. ಆಮೇಲೆ ಕ್ಯಾಂಪಿನ ಗೋಡೆಗೆ ನೋಟೀಸು ಅಂಟಿಸಿದರು: ವೀಸಾ ಇಲ್ಲದವರನ್ನು ಇಟ್ಟುಕೊಂಡವರ ವೀಸಾ ರದ್ದು. ಅಂದಿನಿಂದ ರೊಟ್ಟಿ ಯಾರಿಗೂ ರುಚಿಸಲಿಲ್ಲ. ಮೆಹಬೂಬನಿಗೆ ಅದು ಅರ್ಥವಾಯಿತು. ಯಾರೂ ಹೇಳದೆ ತಾನೇ ಚೀಲ ತೆಗೆದುಕೊಂಡು ಹೋದ.

ಎರಡು ವಾರದ ಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಉಳಿದವರು ಪೇಟೆಗೆ ಹೋಗಿದ್ದರು, ಕೋಣೆಯಲ್ಲಿ ನಾನೊಬ್ಬನೇ.

“ಶಿವಾನಂದಾ, ನಾನೋ. ಜ್ವರಾ ಬಂದಾವ. ಒಂದೀಟು ಮಲಗಿ ಹೋಗ್ತೀನಿ.”

ನಾನು ಬಾಗಿಲ ಹತ್ತಿರ ಬಂದು ನಿಂತೆ. ಕೈ ಚಿಲಕದ ಮೇಲಿತ್ತು.

“ಇವತ್ತ ಪೊಲೀಸ್ ಚೆಕಿಂಗ್ ಅದ, ಮೆಹಬೂಬ. ಇಲ್ಲಿ ಇರಬ್ಯಾಡ,” ಎಂದೆ.

ಚೆಕಿಂಗ್ ಇರಲಿಲ್ಲ. ಅವನು “ಆತು ಬಿಡು,” ಎಂದ. ಮೆಟ್ಟಿಲಿಳಿಯುವ ಚಪ್ಪಲಿ ಸದ್ದು ಬಹಳ ನಿಧಾನವಾಗಿ ಕೇಳಿಸಿತು. ನಾನು ಕಾಯದೆಯನ್ನು ಪಾಲಿಸಿದ್ದೆ. ಅಂದು ಮಾಡಿದ ಅಡುಗೆಯನ್ನು ಮಾತ್ರ ಉಣ್ಣಲಾಗಲಿಲ್ಲ.

ಆ ವರ್ಷದ ಕೊನೆಗೆ ಅಲ್ಲಿನ ಸರ್ಕಾರ ಮಾಫಿ ಕೊಟ್ಟಿತು. ವೀಸಾ ಮುಗಿದವರು ಬೆರಳಚ್ಚು ಕೊಟ್ಟು, ಔಟ್‌ಪಾಸ್ ಎಂಬ ಒಂದು ಹಾಳೆ ಹಿಡಿದು ದೇಶ ಬಿಡಬಹುದು, ಮತ್ತೆ ಬರುವಂತಿಲ್ಲ. ಮೆಹಬೂಬ್ ಹಾಗೆ ಮುಂಬೈಗೆ ಮರಳಿದನೆಂದು ಯಾರೋ ಹೇಳಿದರು. ನಾನು ಅವನಿಗೊಂದು ಫೋನ್ ಕೂಡ ಮಾಡಲಿಲ್ಲ.

ಇಲ್ಲಿ ನನ್ನ ಕಸುಬಿನ ಒಂದು ಮಾತು. ಲಿಫ್ಟಿನ ಒಳಗೆ ‘ಆರು ಜನ’ ಎಂದು ಫಲಕ ಇರುತ್ತದೆ. ಆ ಫಲಕ ಬೇಕು, ಅದಿಲ್ಲದಿದ್ದರೆ ಹಗ್ಗ ಹರಿಯುತ್ತದೆ. ಯಾರು ಎಷ್ಟು ಜನ ಒಳಗೆ ಬರಬೇಕೆಂದು ನಿರ್ಧರಿಸುವ ಹಕ್ಕು ದೇಶಗಳಿಗೂ ಇದೆ, ಅದನ್ನು ನಾನು ಈಗಲೂ ಅಲ್ಲಗಳೆಯುವುದಿಲ್ಲ. ಆದರೆ ಭಾರ ಹೆಚ್ಚಾಗಿ ಗಂಟೆ ಹೊಡೆದಾಗ ಒಳಗಿನವರೆಲ್ಲ ಕೊನೆಗೆ ಹತ್ತಿದವನ ಮುಖವನ್ನೇ ನೋಡುತ್ತಾರೆ. ಅವನು ಸಣಕಲನಿರಬಹುದು. ಮೊದಲು ಹತ್ತಿದ ದಪ್ಪ ಮನುಷ್ಯನ ಕಡೆ ಯಾರೂ ತಿರುಗುವುದಿಲ್ಲ. ಕೊನೆಯವನು ತಪ್ಪು ಮಾಡಿದವನಂತೆ ಹೊರಗಿಳಿಯುತ್ತಾನೆ.

ನಾನು ಮುಂಬೈಗೆ ಬಂದು ನೆಲೆಸಿದ ಮೇಲೆ ಮೆಹಬೂಬ್ ದಾದರಿನಲ್ಲಿ ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿಯ ಅಂಗಡಿ ಇಟ್ಟಿದ್ದಾನೆಂದು ತಿಳಿಯಿತು. ಮೂರು ವರ್ಷ ನಾನು ದಾದರಿನಲ್ಲಿ ಲೋಕಲ್ ರೈಲು ಬದಲಾಯಿಸುತ್ತಿದ್ದೆ, ಸ್ಟೇಷನ್ನಿನಿಂದ ಹೊರಗೆ ಮಾತ್ರ ಇಳಿಯುತ್ತಿರಲಿಲ್ಲ. ಆ ಬದಿಗೆ ಇಳಿಯಲು ನನಗೆ ಯಾವ ವೀಸಾವೂ ಬೇಕಿರಲಿಲ್ಲ.

ಕೊನೆಗೆ ಇಳಿಸಿದವಳು ನನ್ನ ಅಕ್ಕನ ಮಗಳು ರೇಣುಕಾ. ಬೊರಿವಲಿಯಲ್ಲೇ ಹುಟ್ಟಿ ಬೆಳೆದವಳು, ಮುದುಕರ ಆರೈಕೆಯ ತರಬೇತಿ ಪಡೆದವಳು. ಬಾಂದ್ರಾದ ಒಬ್ಬ ಏಜೆಂಟ್ ಅವಳನ್ನು ಬರೀ ನೋಡಿಬರಲು ಕೊಡುವ ವಿಜಿಟ್ ವೀಸಾದ ಮೇಲೆ ಗಲ್ಫಿಗೆ ಕಳಿಸುವುದಾಗಿ ಹೇಳಿದ್ದ.

“ಅಲ್ಲಿ ಹೋದ ಮ್ಯಾಲೆ ವರ್ಕ್ ವೀಸಾ ಮಾಡ್ತಾರಂತ, ಮಾಮಾ. ಸಬ್ ಐಸೇ ಹೀ ಜಾತೇ ಹೈ, ಎಲ್ಲಾರೂ ಹಂಗ ಹೋಗೂದು.”

ನಾನು ಕಾಯದೆಯ ಪ್ರವಚನ ಶುರು ಮಾಡಿದೆ. ಅವಳು ಮೊಬೈಲ್ ನೋಡುತ್ತ ಕೇಳಿದಳು. ಪ್ರವಚನದಿಂದ ಈ ಹುಡುಗಿ ನಿಲ್ಲುವುದಿಲ್ಲವೆಂದು ಅರಿವಾದಾಗ ನನಗೆ ಒಂದೇ ದಾರಿ ಉಳಿಯಿತು. ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ದಾದರಿನಲ್ಲಿ ಇಳಿದೆ.

ಮೆಹಬೂಬ್ ಒಂದು ಮಿಕ್ಸರನ್ನು ಬಿಚ್ಚಿಕೊಂಡು ಕುಳಿತಿದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ, ಕೈಯಲ್ಲಿದ್ದ ಸ್ಕ್ರೂ ಬೀಳದಂತೆ ಡಬ್ಬಿಯಲ್ಲಿಟ್ಟು, “ಬಾ, ಕೂಡು,” ಎಂದ. ಹಿಂದಿನ ವಾರವಷ್ಟೇ ಭೇಟಿಯಾದವರಂತೆ. ರೇಣುಕಾಳ ವಿಷಯ ಹೇಳಿದೆ. ಅವನು ಅವಳ ಕಡೆ ತಿರುಗಿದ.

“ಹೋಗಬ್ಯಾಡ ಅನ್ನಂಗಿಲ್ಲವ್ವಾ ನಾ. ದುಡಿಯಾಕ ಹೋಗೂದು ತಪ್ಪಲ್ಲ. ಆದ್ರ ವಿಜಿಟ್ ಮ್ಯಾಲೆ ಹೋಗಿ ಕೆಲಸಕ್ಕ ನಿಂತ್ರ, ನಿನಗ ಯಾರ ಏನ ಮಾಡಿದ್ರೂ ಪೊಲೀಸರ ಕಡೆ ಹೋಗಾಕ ಬರಂಗಿಲ್ಲ. ಜ್ವರಾ ಬಂದ್ರ ದವಾಖಾನಿಗಿ ಹೋಗಾಕ ಬರಂಗಿಲ್ಲ. ನೀ ಅದಿ, ಆದ್ರ ಇಲ್ಲ. ತಿಳೀತಾ?”

ರೇಣುಕಾ ಮೊಬೈಲನ್ನು ಚೀಲಕ್ಕೆ ಹಾಕಿದಳು. “ನೀವು ಹಂಗ ಇದ್ರಿ ಕ್ಯಾ, ಚಾಚಾ?”

“ಒಂಬತ್ತ ತಿಂಗಳ. ನನ್ನ ಕಡೆ ಮೊದಲ ಕಾಗದಾ ಇದ್ದೂ ಹಂಗಾತು. ನೀ ಕಾಗದಾನ ಇಲ್ಲದ ಹೊಂಟೀದಿ.”

ಅವಳು ಚಹಾ ತರಲು ಎದುರಿನ ಅಂಗಡಿಗೆ ಹೋದಾಗ ನಾನು ಬಾಯಿ ಬಿಟ್ಟೆ. “ಮೆಹಬೂಬ, ಅವತ್ತು ಚೆಕಿಂಗ್ ಇರಲಿಲ್ಲ.”

“ಗೊತ್ತದ,” ಎಂದ ಅವನು. “ಮೆಟ್ಟಲದಾಗ ಕುಂತಿದ್ನಲ್ಲ, ಸಂಜೀತನಕ. ಯಾವ ಪೊಲೀಸನೂ ಬರಲಿಲ್ಲ.”

ನಾನು ಡಬ್ಬಿಯಲ್ಲಿದ್ದ ಸ್ಕ್ರೂಗಳನ್ನು ಎಣಿಸತೊಡಗಿದೆ.

“ನಿಂದೇನ ತಪ್ಪಿಲ್ಲ ಅಂತ ನಾ ಅನ್ನಂಗಿಲ್ಲ, ಶಿವಾನಂದ. ಸುಳ್ಳ ಹೇಳಿದಂಗ ಆಗ್ತದ. ಆದ್ರ ನಿನ್ನ ಜಾಗಾದಾಗ ನಾ ಇದ್ರ ಬಾಗಲಾ ತಗೀತಿದ್ನೇನು? ಬಾಳ ಸಲ ಕೇಳಿಕೊಂಡೀನಿ. ಇನ್ನೂ ಉತ್ತರಾ ಸಿಕ್ಕಿಲ್ಲ.”

ಅಷ್ಟರಲ್ಲಿ ಚಹಾ ಬಂತು. ಅವನು ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಹೋಗುವಾಗ, “ಮುಂದಿನ ಐತವಾರ ಬಾ, ರೊಟ್ಟಿ ಮಾಡ್ತೀನಿ,” ಎಂದಷ್ಟೇ ಹೇಳಿದ. ಹೋದೆ. ಅದರ ಮುಂದಿನ ಐತವಾರವೂ ಹೋದೆ.

ರೇಣುಕಾ ಆ ಏಜೆಂಟನಿಂದ ಪಾಸ್‌ಪೋರ್ಟ್ ವಾಪಸು ತಂದಳು. ಹತ್ತು ತಿಂಗಳು ಕಾದು, ಕೆಲಸದ ವೀಸಾ ಬಂದ ಮೇಲೆಯೇ ಹೋದಳು. ಕರಾರು ಪತ್ರದ ಒಂದೊಂದು ಸಾಲನ್ನೂ ಮೆಹಬೂಬ್ ಅವಳಿಂದ ಓದಿಸಿ ಕೇಳಿದ. ಈಗ ಅಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಾಳೆ, ನಾಲ್ವರು ಹೆಣ್ಣುಮಕ್ಕಳು ಒಂದು ಕೋಣೆಯಲ್ಲಿದ್ದಾರೆ.

ಕಳೆದ ತಿಂಗಳು ಅವಳ ಫೋನ್ ಬಂತು. ದನಿ ಸಣ್ಣಗಿತ್ತು. ಪಕ್ಕದ ಬಿಲ್ಡಿಂಗಿನಲ್ಲಿ ಕೆಲಸಕ್ಕಿದ್ದ ನೇಪಾಳದ ಒಬ್ಬ ಹೆಂಗಸಿನ ಮಾಲೀಕರು ಊರು ಬಿಟ್ಟು ಹೋಗಿದ್ದರು, ಅವಳ ವೀಸಾ ಮುಗಿದು ಹನ್ನೆರಡು ದಿನವಾಗಿತ್ತು. ಅವಳು ಬಂದು ಇವರ ಬಾಗಿಲು ಬಡಿದಿದ್ದಳು. ನಾಳೆ ಬೆಳಿಗ್ಗೆ ಅವಳನ್ನು ಅವಳ ದೇಶದ ಎಂಬಸಿಗೆ ಕರೆದುಕೊಂಡು ಹೋಗುವುದೆಂದು ನಾಲ್ವರೂ ಸೇರಿ ತೀರ್ಮಾನಿಸಿದ್ದರು.

“ಇವತ್ತ ನಮ್ಮ ರೂಮಿನ್ಯಾಗ ಇಟ್ಕೊಂಡೀವಿ, ಮಾಮಾ. ಇದು ಲೀಗಲ್ಲೋ, ಇಲ್ಲೀಗಲ್ಲೋ?”

ಇಂಥ ಪ್ರಶ್ನೆಗೆ ಒಂದು ಕಾಲದಲ್ಲಿ ನನ್ನ ಬಳಿ ಅರ್ಧ ತಾಸಿನ ಉತ್ತರ ಇರುತ್ತಿತ್ತು.

“ಅದನ್ನ ನಾಳೆ ಎಂಬಸಿಯವರು ಹೇಳ್ತಾರ,” ಎಂದೆ. “ನೀ ಮೊದಲ ಆಕಿ ಉಂಡಾಳೇನು ಕೇಳು.”